ಕೆರೆ ಎಲ್ಲರದ್ದು ಅಂತ ಠರಾವು ಆಗಿತ್ತು: ಓಪನ್ ಸೋರ್ಸ್ ಮತ್ತು ನಮ್ಮ ಹೆಣ್ಣುಮಕ್ಕಳು

ಪೋಸ್ಟ್ ಸ್ವಲ್ಪ ಉದ್ದ ಉಂಟು. ಪುರುಸೊತ್ತಿನಲ್ಲಿ ಓದಿ, ಆದರೆ ಪೂರ್ತಿ ಓದಿ.

ಮಹಾಡ್ ಕೆರೆಯ ಕತೆ ನಮಗೆಲ್ಲ ಗೊತ್ತು. 1927ರ ಮಾರ್ಚ್ 20, ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅದಕ್ಕಿಂತ ಮೊದಲಿನ ನಾಲ್ಕು ವರ್ಷದ ಕತೆಯನ್ನು ನಾವು ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. 1923ರಲ್ಲೇ ಮುಂಬೈ ಶಾಸನಸಭೆಯಲ್ಲಿ ಬೋಳೆಯವರ ಠರಾವು ಪಾಸಾಗಿತ್ತು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡ್ ಪುರಸಭೆಯೂ ಠರಾವು ಮಾಡಿ, ನಮ್ಮ ಕೆರೆ ಎಲ್ಲರದ್ದು ಅಂತ ಹೇಳಿತು. ಕಾಗದದ ಮೇಲೆ ಕೆರೆ ತೆರೆದೇ ಇತ್ತು. ಮೂರು ವರ್ಷ ನಮ್ಮವರು ಒಬ್ಬರೂ ಅದರ ನೀರು ಮುಟ್ಟಲಿಲ್ಲ, ಮುಟ್ಟಲಿಕ್ಕೆ ಬಿಡಲಿಲ್ಲ. ಆಗ ಯಾರಾದರೂ ಆ ಊರಿನ ದೊಡ್ಡವರನ್ನು ಕೇಳಿದ್ದರೆ "ಕೆರೆ ತೆರೆದೇ ಉಂಟಲ್ಲ ಮಾರಾಯ್ರೆ, ಅವರೇ ಬರುವುದಿಲ್ಲ, ನಾವೆಂತ ಮಾಡುವುದು?" ಅಂತ ಹೇಳುತ್ತಿದ್ದರೋ ಏನೋ.

ಇದೇ ಮಾತನ್ನು ನಾನು ಈ ವರ್ಷ ಬೇರೆ ಕಡೆ ಕೇಳಿದೆ. ಒಂದು ಕಂಪ್ಯೂಟರ್ ಕಾರ್ಯಾಗಾರ. ಓಪನ್ ಸೋರ್ಸ್ ಬಗ್ಗೆ ಒಳ್ಳೆಯ ಹುಡುಗರು ಪ್ರೀತಿಯಿಂದಲೇ ಹೇಳಿಕೊಟ್ಟರು. ಇಷ್ಟು ಜನರಲ್ಲಿ ಹೆಣ್ಣುಮಕ್ಕಳು ಯಾಕೆ ಎರಡೇ ಎರಡು ಅಂತ ಕೇಳಿದ್ದಕ್ಕೆ ಸಿಕ್ಕಿದ ಉತ್ತರ: "ಬಾಗಿಲು ತೆರೆದೇ ಉಂಟು ಸರ್, ಅವರಿಗೇ ಆಸಕ್ತಿ ಇಲ್ಲ."

ಓಪನ್ ಸೋರ್ಸ್ ಅಂದರೆ ಎಂತ ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವ ಬರಹಕ್ಕೆ ಸೋರ್ಸ್ ಕೋಡ್ ಅನ್ನುತ್ತಾರೆ. ಕಂಪನಿಗಳು ಅದನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತವೆ. ನಾವು ಬಳಸಬಹುದು, ಒಳಗೆ ಇಣುಕುವ ಹಾಗಿಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅನ್ನುವವರು ಇದು ಸರಿಯಲ್ಲ, ಈ ಬರಹವನ್ನು ಯಾರು ಬೇಕಾದರೂ ಓದುವಂತೆ, ತಿದ್ದುವಂತೆ, ಹಂಚುವಂತೆ ಇರಬೇಕು ಅಂತ ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಅಡಿಪಾಯವೂ ಅದೇ. ಈ ಸಾಫ್ಟ್‌ವೇರಿನ ಲೈಸೆನ್ಸಿನಲ್ಲಿ ಜಾತಿ ಇಲ್ಲ, ಲಿಂಗ ಇಲ್ಲ, ದೇಶ ಇಲ್ಲ, ಯಾರು ಬೇಕಾದರೂ ಬರಬಹುದು. ಕಾಗದದ ಮೇಲೆ ಇದಕ್ಕಿಂತ ಚಂದದ ಕೆರೆ ಇನ್ನೊಂದಿಲ್ಲ.

ಈಗ ಲೆಕ್ಕ ನೋಡಿ. 2006ರಲ್ಲಿ ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ನಡೆದ ಒಂದು ಅಧ್ಯಯನ ಹೇಳಿದ್ದು: ಬೀಗ ಹಾಕಿದ ಕಂಪನಿಗಳ ಸಾಫ್ಟ್‌ವೇರ್ ಕೆಲಸದಲ್ಲಿ ಹೆಂಗಸರು ಶೇಕಡಾ 28ರಷ್ಟು. ಬೀಗವೇ ಇಲ್ಲದ ಓಪನ್ ಸೋರ್ಸಿನಲ್ಲಿ ಶೇಕಡಾ 1.5. ಹನ್ನೊಂದು ವರ್ಷ ಕಳೆದ ಮೇಲೆ, 2017ರಲ್ಲಿ, ಗಿಟ್‌ಹಬ್ ತಾನೇ ಮಾಡಿಸಿದ ಸಮೀಕ್ಷೆಯಲ್ಲಿ ಅದು ಶೇಕಡಾ 3.

ಆಸಕ್ತಿ ಇಲ್ಲ ಅನ್ನುವ ಉತ್ತರ ಇಲ್ಲೇ ಬಿದ್ದುಹೋಗುತ್ತದೆ. ಆಸಕ್ತಿ ಇಲ್ಲದಿದ್ದರೆ ಆ 28 ಎಲ್ಲಿಂದ ಬಂತು? ಕೆಲಸ ಒಂದೇ, ಕಂಪ್ಯೂಟರ್ ಒಂದೇ, ಕೋಡ್ ಬರೆಯುವ ಭಾಷೆಯೂ ಒಂದೇ. ಕಂಪನಿಯಲ್ಲಿ ಸಂಬಳ ಉಂಟು, ಕೆಲಸದ ಹೊತ್ತು ಉಂಟು, ದೂರು ಕೊಡಲಿಕ್ಕೆ ಒಂದು ಜಾಗ ಉಂಟು. ಇಲ್ಲಿ ಮೂರೂ ಇಲ್ಲ. ನನ್ನ ಮಟ್ಟಿಗೆ ಅರ್ಧಕ್ಕಿಂತ ಜಾಸ್ತಿ ಕತೆ ಇಷ್ಟೇ.

ಮೊದಲು ಸಂಬಳದ ಮಾತು ತೆಗೆದುಕೊಳ್ಳುವಾ. ಓಪನ್ ಸೋರ್ಸಿನಲ್ಲಿ ಹೆಸರು ಮಾಡಬೇಕಾದರೆ ಮೊದಲು ವರ್ಷಗಟ್ಟಲೆ ಪುಕ್ಕಟೆ ಕೆಲಸ ಮಾಡಬೇಕು. ಅದಕ್ಕೆ 'ಕೊಡುಗೆ' ಅನ್ನುತ್ತಾರೆ, 'ಸೇವೆ' ಅನ್ನುತ್ತಾರೆ. ಬಿಡುವಿನ ಹೊತ್ತಿನಲ್ಲಿ ಮಾಡಿ, ರಾತ್ರಿ ಕೂತು ಮಾಡಿ, ಭಾನುವಾರ ಮಾಡಿ. ಯಾರ ಬಿಡುವು? ಬೆಳಿಗ್ಗೆ ಟ್ಯಾಪಿಂಗಿಗೆ ಹೋಗಿ ಬಂದು, ಮಧ್ಯಾಹ್ನ ಬೀಡಿ ಕಟ್ಟಿ, ಸಂಜೆ ಒಲೆ ಮುಂದೆ ಕೂರುವ ನಮ್ಮ ಅಕ್ಕಂದಿರಿಗೆ ಬಿಡುವು ಅನ್ನುವ ಶಬ್ದವೇ ತಮಾಷೆ. ಅವರ ಮಗಳು ಕಾಲೇಜಿನಿಂದ ಬಂದ ಕೂಡಲೇ ತಮ್ಮನನ್ನು ನೋಡಿಕೊಳ್ಳಬೇಕು, ನೀರು ತರಬೇಕು. ಅದೇ ಮನೆಯ ಹುಡುಗನಿಗೆ ರಾತ್ರಿ ಹನ್ನೆರಡರವರೆಗೆ ಮೊಬೈಲ್ ಹಿಡಿದು ಕೂರುವ ಸ್ವಾತಂತ್ರ್ಯ ಉಂಟು. ಇದನ್ನು ನಮ್ಮ ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡಬೇಡಿ.

ಪುಕ್ಕಟೆ ಕೆಲಸ ಅನ್ನುವುದರ ಅರ್ಥವೂ ಎಲ್ಲರಿಗೆ ಒಂದೇ ಅಲ್ಲ. ತಲೆಮಾರುಗಟ್ಟಲೆ ಹೊಟ್ಟೆ ತುಂಬಿದವನಿಗೆ ಪುಕ್ಕಟೆ ಕೆಲಸ ಅಂದರೆ ಉದಾರತನ. ನಮಗೆ ಅದರ ಹೆಸರು ಬಿಟ್ಟಿ. ಊರ ದಾರಿ ಗುಡಿಸಿದ್ದು ಬಿಟ್ಟಿ, ಸತ್ತ ದನ ಎತ್ತಿದ್ದು ಬಿಟ್ಟಿ, ಡೋಲು ಬಾರಿಸಿದ್ದು ಬಿಟ್ಟಿ. ನಮ್ಮ ದಕ್ಷಿಣ ಕನ್ನಡದಲ್ಲಿ ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಹೌದು, 2000ದಲ್ಲಿ! ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಎದ್ದು ನಿಂತಾಗಿತ್ತು. ಬಾಬಾಸಾಹೇಬರು 1928ರಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು, ಆಮೇಲೆ ಸಂವಿಧಾನದ 23ನೇ ವಿಧಿಯಲ್ಲಿ ಬಿಟ್ಟಿ ಚಾಕರಿ ನಿಷೇಧ ಆದದ್ದು ಸುಮ್ಮನೆ ಅಲ್ಲ. ಇಷ್ಟು ಇತಿಹಾಸ ಇರುವ ಮನೆಯ ಹುಡುಗಿಗೆ "ಎರಡು ವರ್ಷ ಪುಕ್ಕಟೆ ಮಾಡಮ್ಮ, ಆಮೇಲೆ ನಿನಗೆ ಹೆಸರು ಬರ್ತದೆ" ಅಂದರೆ ಅವಳ ತಾಯಿ ಬಾಗಿಲಲ್ಲೇ ಬೇಡ ಅನ್ನುತ್ತಾಳೆ. ಆ ತಾಯಿಯ ಲೆಕ್ಕ ತಪ್ಪಲ್ಲ.

ಇನ್ನು ಮಾತಿನ ವಿಷಯ. ಲಿನಕ್ಸಿನ ಒಳಗಿನ ತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಅದನ್ನು ಕಟ್ಟುವವರು ಇಮೇಲ್ ಮೂಲಕ ಚರ್ಚೆ ಮಾಡುವುದು. ಅಲ್ಲಿ ಬೈಗುಳ ಅಂದರೆ ಸಾಮಾನ್ಯ, ಬೈದವನೇ ಧೀರ. ಪೆನ್ ಡ್ರೈವ್ ಚುಚ್ಚುತ್ತೇವಲ್ಲ, ಅದರ ಯುಎಸ್‌ಬಿ 3.0 ಅನ್ನುವ ವೇಗದ ನಮೂನೆಗೆ ಲಿನಕ್ಸಿನಲ್ಲಿ ಚಾಲಕ ಬರೆದು ನಿಲ್ಲಿಸಿದವರು ಸೇಜ್ ಶಾರ್ಪ್. ಇವರು 2013ರಲ್ಲಿ ಎಲ್ಲರ ಎದುರೇ ಟೋರ್ವಾಲ್ಡ್ಸ್ ಅವರಿಗೆ ಈ ಬೈಗುಳ ನಿಲ್ಲಿಸಿ ಅಂತ ಹೇಳಿದರು. ನಿಲ್ಲಲಿಲ್ಲ. 2015ರಲ್ಲಿ ಶಾರ್ಪ್ ತಾವು ಕರ್ನೆಲ್ ಕೆಲಸ ಬಿಟ್ಟಿದ್ದೇವೆ ಅಂತ ಬಹಿರಂಗವಾಗಿ ಬರೆದು ಹೊರಗೆ ಬಂದರು. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ಅವರೇ ಕ್ಷಮೆ ಕೇಳಿ ಸ್ವಲ್ಪ ಸಮಯ ಬಿಡುವು ತೆಗೆದುಕೊಂಡರು, ಕರ್ನೆಲಿಗೆ ನಡವಳಿಕೆಯ ನಿಯಮಾವಳಿಯೂ ಬಂತು. ಲಿನಕ್ಸ್ ಹುಟ್ಟಿ 27 ವರ್ಷ ಆದ ಮೇಲೆ. ಅಷ್ಟರೊಳಗೆ ಒಂದು ಮಾತೂ ಹೇಳದೆ ಸುಮ್ಮನೆ ಎದ್ದು ಹೋದವರು ಎಷ್ಟು ಜನ, ಅದರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಕೆಲಸ ಬರದೆ ಹೋದದ್ದು ಅಂತಲೂ ಹೇಳುವ ಹಾಗಿಲ್ಲ. ಗಿಟ್‌ಹಬ್ಬಿನಲ್ಲಿ ಜನರು ಕಳಿಸಿದ ತಿದ್ದುಪಡಿಗಳಲ್ಲಿ ಯಾರದ್ದು ಎಷ್ಟು ಸ್ವೀಕಾರ ಆಯಿತು ಅಂತ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಹೆಂಗಸರದ್ದು ಶೇಕಡಾ 78ರ ಮೇಲೆ, ಗಂಡಸರದ್ದು ಶೇಕಡಾ 74ರ ಮೇಲೆ. ಆದರೆ ಆ ಯೋಜನೆಗೆ ಹೊಸಬಳಾದ ಹೆಣ್ಣು, ಹೆಸರು ಫೋಟೋ ನೋಡಿದರೆ ಹೆಣ್ಣು ಅಂತ ಗೊತ್ತಾಗುವ ಹಾಗಿದ್ದರೆ, ಸ್ವೀಕಾರ ಕಡಿಮೆಯಾಗಿತ್ತು. ಹೆಸರು ಕೇಳಿ, ಮುಖ ನೋಡಿ, ಆಮೇಲೆ ಕೆಲಸ ನೋಡುವುದು. ಅಡ್ಡಹೆಸರು ಕೇಳಿ ಮನೆ ಬಾಡಿಗೆಗೆ ಕೊಡುವವರನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾ?

ಹಾಗಂತ ಹೆಂಗಸರು ಕೈಕಟ್ಟಿ ಕೂರಲಿಲ್ಲ. 1998ರಲ್ಲೇ ಲಿನಕ್ಸ್‌ಚಿಕ್ಸ್ ಅಂತ ತಮ್ಮದೇ ಗುಂಪು ಕಟ್ಟಿಕೊಂಡರು. 2002ರಲ್ಲಿ ವಾಲ್ ಹೆನ್ಸನ್ ಅನ್ನುವ ಕರ್ನೆಲ್ ಇಂಜಿನಿಯರ್, ಲಿನಕ್ಸಿಗೆ ಹೆಂಗಸರು ಬರಬೇಕಾದರೆ ಗಂಡಸರು ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದು ಕೈಪಿಡಿಯನ್ನೇ ಬರೆದರು. ಅದರಲ್ಲಿ ಒಂದು ಸಲಹೆ ನನಗೆ ಬಹಳ ಹಿಡಿಸಿತು: ಅವಳ ಕೈಯಿಂದ ಕೀಬೋರ್ಡ್ ಕಿತ್ತುಕೊಳ್ಳಬೇಡಿ. ಕಚೇರಿಯಲ್ಲಿ ಕೆಲಸ ಮಾಡುವ ಯಾವ ಅಕ್ಕನನ್ನು ಬೇಕಾದರೂ ಕೇಳಿ. ಕಂಪ್ಯೂಟರ್ ಸ್ವಲ್ಪ ನಿಂತರೆ ಸಾಕು, ಯಾರಾದರೂ ಒಬ್ಬ "ಇಲ್ಲಿ ಕೊಡಿ ಮೇಡಂ" ಅಂತ ಮೌಸ್ ಎಳೆದುಕೊಂಡು ಟಕಟಕ ಒತ್ತಿ ಸರಿ ಮಾಡಿ ಹೋಗುತ್ತಾನೆ. ಕೆಲಸ ಆಯಿತು. ಅವಳು ಕಲಿತದ್ದು ಎಂತದ್ದೂ ಇಲ್ಲ. ನಾಳೆ ಪುನಃ ಅವನನ್ನೇ ಕರೆಯಬೇಕು.

2006ರ ಇನ್ನೊಂದು ಘಟನೆಯನ್ನು ನಮ್ಮ ಎಲ್ಲಾ ಸಂಘಟನೆಗಳವರೂ ತಿಳಿದುಕೊಳ್ಳಬೇಕು. ಗ್ನೋಮ್ ಅಂತ ಒಂದು ದೊಡ್ಡ ಓಪನ್ ಸೋರ್ಸ್ ಯೋಜನೆ. ಆ ವರ್ಷ ಗೂಗಲ್ ದುಡ್ಡು ಕೊಟ್ಟು ವಿದ್ಯಾರ್ಥಿಗಳಿಂದ ಬೇಸಿಗೆ ರಜೆಯಲ್ಲಿ ಕೋಡ್ ಬರೆಸುವ ಕಾರ್ಯಕ್ರಮಕ್ಕೆ ಗ್ನೋಮಿಗೆ 181 ಅರ್ಜಿ ಬಂತು. ಅದರಲ್ಲಿ ಹೆಣ್ಣುಮಕ್ಕಳದ್ದು ಒಂದೂ ಇಲ್ಲ. ಸೊನ್ನೆ. ಅಲ್ಲಿದ್ದ ಹ್ಯಾನಾ ವಾಲಾಕ್ ಮತ್ತು ಕ್ರಿಸ್ ಬಾಲ್ ಇದನ್ನು ಅಲ್ಲಿಗೆ ಬಿಡಲಿಲ್ಲ. ಅದೇ ಬೇಸಿಗೆಯಲ್ಲಿ, ಅದೇ ನಮೂನೆಯ ಕೆಲಸಕ್ಕೆ, ಇದು ಹೆಣ್ಣುಮಕ್ಕಳಿಗೆ, ಇಂತಿಷ್ಟು ದುಡ್ಡು ಕೊಡುತ್ತೇವೆ, ಜತೆಗೆ ನಿಂತು ಹೇಳಿಕೊಡುವವರು ಇದ್ದಾರೆ ಅಂತ ಹೆಸರು ಹಿಡಿದು ಕರೆದರು. ಅರ್ಜಿ ಬಂದದ್ದು ನೂರು! ತೆಗೆದುಕೊಂಡದ್ದು ಆರು ಜನರನ್ನು. ಸೊನ್ನೆಯಿಂದ ನೂರಕ್ಕೆ ಹೋಗಲಿಕ್ಕೆ ಕೆಲವೇ ವಾರ ಸಾಕಾಯಿತು. ಆ ಹುಡುಗಿಯರು ಮೊದಲೂ ಇದ್ದರು, ಅದೇ ಕಾಲೇಜುಗಳಲ್ಲೇ ಇದ್ದರು. ಕರೆದದ್ದು ತಮ್ಮನ್ನೇ ಅಂತ ಅವರಿಗೆ ಗೊತ್ತಾದದ್ದು ಈಗ.

ಆಮೇಲೆ ಎಂದಿನ ಹಾಗೆ ಮರೆತರು. ನಾಲ್ಕು ವರ್ಷ ಏನೂ ಇಲ್ಲ. 2010ರಲ್ಲಿ ಮರೀನಾ ಜುರಾಖಿನ್ಸ್ಕಾಯಾ ಅದನ್ನು ಪುನಃ ಎತ್ತಿ ನಿಲ್ಲಿಸಿದರು. 2015ರಿಂದ ಅದರ ಹೆಸರು ಔಟ್‌ರೀಚಿ. ಕರ್ನೆಲ್ ಬಿಟ್ಟು ಬಂದರು ಅಂದೆನಲ್ಲ, ಆ ಸೇಜ್ ಶಾರ್ಪ್ ಆಮೇಲೆ ದುಡಿದದ್ದು ಇದನ್ನು ನಡೆಸುವುದರಲ್ಲೇ. ವರ್ಷಕ್ಕೆ ಎರಡು ಸಲ, ಮೂರು ತಿಂಗಳ ಕೆಲಸ, ಮನೆಯಿಂದಲೇ ಮಾಡಬಹುದು, 7,000 ಡಾಲರ್ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ಐದು ಲಕ್ಷಕ್ಕೂ ಮೇಲೆ. ಮೊದಲು ಹೆಂಗಸರಿಗೆ ಅಂತ ಇದ್ದದ್ದು, ಈಗ ತಮ್ಮ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ತಾರತಮ್ಯ ಅನುಭವಿಸುವ ಯಾರು ಬೇಕಾದರೂ ಅರ್ಜಿ ಹಾಕಬಹುದು, ಆ ತಾರತಮ್ಯ ಎಂತದ್ದು ಅಂತ ಅರ್ಜಿಯಲ್ಲೇ ಬರೆಯಬೇಕು. ಬರೆಯಲಿಕ್ಕೆ ನಮಗೆ ವಿಷಯಕ್ಕೆ ಬರ ಇಲ್ಲ.

ನಮ್ಮ ರಾಜ್ಯಕ್ಕೆ ಬರುವಾ. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಬೆಂಗಳೂರು ಅಂತ ಸಮ್ಮೇಳನ ನಡೆಯಿತು, 2005ರಿಂದ ಅದರ ಹೆಸರು ಫಾಸ್ ಡಾಟ್ ಇನ್. ದೇಶದಲ್ಲೇ ದೊಡ್ಡದು ಅಂತ ಹೆಸರು. ಒಳ್ಳೆಯದೇ. ಆದರೆ ನನಗೆ ಇತಿಹಾಸ ಅಂತ ಬರೆದಿಡಬೇಕು ಅನ್ನಿಸುವುದು ಅದಲ್ಲ, ಗುರಪ್ಪನಪಾಳ್ಯದ ಸುದರ್ಶನ್ ಲೇಔಟಿನ ಕೊಳಗೇರಿಯ ಒಂದು ಸಣ್ಣ ಕೋಣೆ. 2000ದ ದಶಕದ ಕೊನೆಗೆ ಅಲ್ಲಿ ಒಂದು ಕಂಪ್ಯೂಟರ್ ಕೇಂದ್ರ ಶುರುವಾಯಿತು. ಹೆಸರು ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ. ಬೆಂಗಳೂರಿನ ಸ್ವತಂತ್ರ ತಂತ್ರಾಂಶದ ಸ್ವಯಂಸೇವಕರು ಒಂದು ಕಡೆ, ಮನೆಕೆಲಸದ ಹೆಂಗಸರನ್ನು ಸಂಘಟಿಸುವ ಸ್ತ್ರೀ ಜಾಗೃತಿ ಸಮಿತಿ ಇನ್ನೊಂದು ಕಡೆ. ಕೂಲಿ ಮಾಡುವವರ ಮಕ್ಕಳು ಅಲ್ಲಿ ಲಿನಕ್ಸ್ ಕಲಿತರು, ಗಿಂಪ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಚಿತ್ರ ಬರೆದರು, ಆ ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಸಾವಿರಾರು ರೂಪಾಯಿ ಕೊಟ್ಟು ಸಾಫ್ಟ್‌ವೇರ್ ಕೊಳ್ಳುವುದು ಆಗದ ಮಾತು. ಓಪನ್ ಸೋರ್ಸ್ ನಿಜವಾಗಿ ಯಾರಿಗೆ ಬೇಕು ಅನ್ನುವುದು ಅಲ್ಲಿ ಕಾಣುತ್ತಿತ್ತು. ಕೋಣೆ ಇದ್ದದ್ದು ನಮ್ಮ ಕೇರಿಯೊಳಗೆ ಅನ್ನುವುದು ಮುಖ್ಯ. ಹುಡುಗಿ ಎಲ್ಲಿಗೆ ಹೋದಳು, ಯಾರ ಜತೆ ಹೋದಳು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಕೂಗಿದರೆ ಕೇಳುವಷ್ಟು ದೂರ.

ಮೈಸೂರು ಜಿಲ್ಲೆಯಲ್ಲಿ 2005ರಿಂದ ಮಾಹಿತಿ ಮಂಥನ ಅಂತ ಒಂದು ಯೋಜನೆ ನಡೆಯಿತು. ಮಹಿಳಾ ಸಮಖ್ಯದ ಸಂಘಗಳ ಜತೆ ಐಟಿ ಫಾರ್ ಚೇಂಜ್ ಸಂಸ್ಥೆ ಮಾಡಿದ್ದು. ಮಹಿಳಾ ಸಮಖ್ಯ ಗೊತ್ತುಂಟಲ್ಲ, 1989ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯದಲ್ಲಿ ಶುರುವಾದದ್ದು, ಸಂಘದಲ್ಲಿ ಇದ್ದವರು ಹೆಚ್ಚಿನವರು ನಮ್ಮ ಅಕ್ಕಂದಿರೇ. ಅವರು 'ಕೇಳು ಸಖಿ' ಅಂತ ರೇಡಿಯೋ ಕಾರ್ಯಕ್ರಮ ಮಾಡಿದರು, ತಾವೇ ವಿಡಿಯೋ ತೆಗೆದರು, ಹಳ್ಳಿಯಲ್ಲಿ ನಮ್ಮ ಮಾಹಿತಿ ಕೇಂದ್ರ ತೆರೆದು ಊರಿನದ್ದೇ ಹುಡುಗಿಯನ್ನು ಸಖಿ ಅಂತ ಕೂರಿಸಿದರು. ಕೋಡ್ ಬರೆಯಲಿಲ್ಲ, ಅದು ನಿಜ. ಆದರೆ ಯಂತ್ರದ ಒಡೆತನ ಸಂಘದ್ದು, ಕೀಲಿಕೈ ಸಂಘದ ಕೈಯಲ್ಲಿ. ಆಮೇಲೆ ಸಮಖ್ಯವನ್ನೇ ಮುಚ್ಚಿದರು. ಅದರ ಬಗ್ಗೆ ಸಿಟ್ಟು ಬೇರೆಯೇ ಉಂಟು, ಇನ್ನೊಂದು ದಿನ ಬರೆಯುತ್ತೇನೆ.

ಈಗ ನಮ್ಮ ಪಕ್ಕದ ಮನೆ. ಸಂಪಾಜೆಯಿಂದ ಹರಿಯುವ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿಗೆ ಹೋಗಿ ಚಂದ್ರಗಿರಿ ಆಗುತ್ತದೆ. ನದಿಯ ಮೇಲಿನ ತುದಿಯಲ್ಲಿ ನಾವು, ಕೆಳಗಿನ ತುದಿಯಲ್ಲಿ ಕೇರಳ. ಅಲ್ಲಿ 2001ರಲ್ಲಿ ಐಟಿ@ಸ್ಕೂಲ್ ಅಂತ ಯೋಜನೆ ಬಂತು. ಕೆಲವೇ ವರ್ಷದಲ್ಲಿ ಸರ್ಕಾರಿ ಶಾಲೆಗಳು ಕಂಪನಿಯ ಸಾಫ್ಟ್‌ವೇರ್ ಬಿಟ್ಟು ಪೂರ್ತಿ ಲಿನಕ್ಸಿಗೆ ಬಂದವು. 2017ರಲ್ಲಿ ಆ ಯೋಜನೆಯನ್ನು ಕೈಟ್ ಅನ್ನುವ ಸರ್ಕಾರಿ ಕಂಪನಿ ಮಾಡಿದರು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಅಂತ ಮಕ್ಕಳ ತಂಡ ಶುರುವಾಯಿತು, ಒಂದು ಲಕ್ಷಕ್ಕೂ ಮೇಲೆ ಮಕ್ಕಳು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠಪುಸ್ತಕ ಕನ್ನಡದಲ್ಲೇ ಉಂಟು. ಕನ್ನಡದ ಹೆಸರಿನಲ್ಲಿ ರಾಜ್ಯ ಕಟ್ಟಿದ ನಾವು ಇದನ್ನು ಓದಿ ಸ್ವಲ್ಪ ಸುಮ್ಮನೆ ಕೂರಬೇಕು.

ಆ ಲಿಟ್ಲ್ ಕೈಟ್ಸಿನಲ್ಲಿ ಒಂದು ಸಣ್ಣ ನಿಯಮ ಉಂಟು. ಪ್ರತಿ ಶಾಲೆಯ ತಂಡಕ್ಕೆ ಇಬ್ಬರು ಶಿಕ್ಷಕರು: ಒಬ್ಬರು ಕೈಟ್ ಮಾಸ್ಟರ್, ಇನ್ನೊಬ್ಬರು ಕೈಟ್ ಮಿಸ್ಟ್ರೆಸ್. ಅಂದರೆ ಒಬ್ಬರು ಹೆಂಗಸರು ಇರಲೇಬೇಕು ಅಂತ ವ್ಯವಸ್ಥೆಯಲ್ಲೇ ಬರೆದದ್ದು, ಯಾರ ಒಳ್ಳೆಯತನಕ್ಕೂ ಬಿಟ್ಟದ್ದಲ್ಲ. ಕಲಿಯುವುದು ಶಾಲೆಯಲ್ಲೇ, ಮನೆಯಲ್ಲಿ ಲ್ಯಾಪ್‌ಟಾಪ್ ಇರಬೇಕು ಅಂತ ಇಲ್ಲ, ರಾತ್ರಿ ಕೂರಬೇಕು ಅಂತ ಇಲ್ಲ. ಎಂಟನೇ ಕ್ಲಾಸಿನ ಹುಡುಗಿ ತನ್ನ ಟೀಚರ್ ಒಬ್ಬರು ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಣ್ಣಾರೆ ನೋಡುತ್ತಾಳೆ. ಮೀಸಲಾತಿ ಅಂದರೆ ಮೂಗು ಮುರಿಯುವವರು ಈ ನಿಯಮ ಎಂತ ಕೆಲಸ ಮಾಡುತ್ತದೆ ಅಂತ ಹೋಗಿ ನೋಡಿ ಬರಲಿ. ಜಾಲ್ಸೂರು ದಾಟಿದರೆ ಸಾಕು.

ನಮ್ಮ ಕಡೆ? ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. ಕರ್ನಾಟಕ ಸರ್ಕಾರದ ಕನ್ನಡವನ್ನು ದಿನಾ ಕುಟ್ಟುವವರು ಯಾರು? ಪಂಚಾಯತಿನಿಂದ ತಾಲೂಕು ಕಚೇರಿವರೆಗೆ ನುಡಿಯಲ್ಲಿ ಟೈಪ್ ಮಾಡುವ ಹೆಂಗಸರು. ಆ ಕೀಲಿಮಣೆಯ ವಿನ್ಯಾಸದ ಹಿಂದೆ ಇರುವವರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್, ಅವರಿಗೆ ನಮಸ್ಕಾರ. ಆದರೆ ಹಳೆಯ ನುಡಿಯ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಯುನಿಕೋಡಿಗೆ ತಿರುಗಿಸಿದರೆ ಯಾವ ಒತ್ತಕ್ಷರ ಎಲ್ಲಿ ಹಾರುತ್ತದೆ, ಯಾವ ಅರ್ಕಾವೊತ್ತು ಎಲ್ಲಿ ಬೀಳುತ್ತದೆ ಅಂತ ಕಣ್ಣು ಮುಚ್ಚಿ ಹೇಳುವಷ್ಟು ಅನುಭವ ಈ ಅಕ್ಕಂದಿರಿಗೆ ಉಂಟು. ಓಪನ್ ಸೋರ್ಸಿನಲ್ಲಿ ಕೊಡುಗೆ ಅಂದರೆ ಕೋಡ್ ಮಾತ್ರ ಅಲ್ಲ. ಎಲ್ಲಿ ತಪ್ಪಾಗುತ್ತದೆ ಅಂತ ಸರಿಯಾಗಿ ಬರೆದು ತಿಳಿಸುವುದು, ಕನ್ನಡಕ್ಕೆ ಅನುವಾದ ಮಾಡುವುದು, ಹೊಸಬರಿಗೆ ಹೇಳಿಕೊಡುವುದು ಎಲ್ಲ ಕೊಡುಗೆಯೇ. ಈ ಅಕ್ಕಂದಿರನ್ನು ಯಾರೂ ಕೇಳಲಿಲ್ಲ, ಅಷ್ಟೇ. ಫೋನಿನಲ್ಲಿ ಬರುವ ಕನ್ನಡ ಯಾಕೆ ಯಾರೂ ಮಾತಾಡದ ಸಂಸ್ಕೃತದ ಹಾಗೆ ಇರುತ್ತದೆ ಅಂತ ಆಮೇಲೆ ಆಶ್ಚರ್ಯ ಪಡುತ್ತೇವೆ.

ಸುಳ್ಯದಲ್ಲಿ 1986ರಿಂದ ಇಂಜಿನಿಯರಿಂಗ್ ಕಾಲೇಜು ಉಂಟು. ಸಂಪಾಜೆಯಿಂದ ಸುಮಾರು 20 ಕಿಲೋಮೀಟರ್. ಆದರೆ ರಬ್ಬರ್ ತೋಟದ ಕಾಲನಿಯ ಹುಡುಗಿಗೆ ಆ ದಾರಿ ಅದಕ್ಕಿಂತ ಎಷ್ಟೋ ಉದ್ದ. ಶಾಸ್ತ್ರಿ-ಸಿರಿಮಾವೋ ಒಪ್ಪಂದ ಆದ ಮೇಲೆ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳಲ್ಲಿ ನಮ್ಮವರು ಎಷ್ಟು ಜನ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಂಪ್ಯೂಟರಿನಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲ ಹುಡುಗಿ! ಅನುವಾದಕ್ಕೆ ಇವಳಿಗಿಂತ ಯೋಗ್ಯರು ಸಿಗುತ್ತಾರಾ?

ಹೆಂಗಸರ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು. ವೇದಿಕೆಯ ಮೇಲೆ ಹೆಂಗಸರು ಬಂದ ಕೂಡಲೇ ಲೆಕ್ಕ ಮುಗಿಯಿತು ಅಂತ ನಾವು ತಿಳಿಯಬಾರದು. ಯಾವ ಹೆಂಗಸರು ಅಂತ ಕೇಳಬೇಕು. ಕೇಳಿದರೆ "ಇಲ್ಲಿ ಜಾತಿ ಯಾಕೆ ತರ್ತೀರಿ?" ಅನ್ನುತ್ತಾರೆ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೇ ಸಿಸ್ಕೋ ಕಂಪನಿಯ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿತ್ತು. ಸಮುದ್ರ ದಾಟಿದರೂ ಜೊತೆಗೆ ಹೋದದ್ದನ್ನು ನಾವು ತಂದದ್ದಲ್ಲ.

ಮಹಾಡಿನಲ್ಲಿ ನೀರು ಮುಟ್ಟಿದ ಮೇಲೆ ಏನಾಯಿತು ಅನ್ನುವುದೂ ಇತಿಹಾಸದಲ್ಲಿ ಉಂಟು. ಸವರ್ಣೀಯರು ಕೆರೆಯನ್ನು ಶುದ್ಧ ಮಾಡಿದರು, 1927ರ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನು ವಾಪಸು ತೆಗೆದುಕೊಂಡಿತು. ಕೋರ್ಟು ಹತ್ತಿ, 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಗೆದ್ದದ್ದು. ಆ ಹತ್ತು ವರ್ಷದ ನಡುವೆ, 1927ರ ಡಿಸೆಂಬರಿನಲ್ಲಿ ಎರಡನೇ ಸಲ ಮಹಾಡಿನಲ್ಲಿ ಸೇರಿದಾಗ, ಬಾಬಾಸಾಹೇಬರು ಹೆಂಗಸರನ್ನೇ ಕೂರಿಸಿಕೊಂಡು ಪ್ರತ್ಯೇಕವಾಗಿ ಮಾತಾಡಿದರು.

ಈಗ ಕೆಲಸದ ವಿಷಯ. ಕಲ್ಲುಗುಂಡಿ ಕಡೆ ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆವರೆಗೆ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ತರಗತಿ ಮಾಡುವ ಅಂತ ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಊಟದ ಹೊತ್ತಿಗೆ ಮನೆಗೆ ಮುಟ್ಟಬೇಕು, ಬಸ್ಸು ತಪ್ಪಬಾರದು, ಅದಕ್ಕೇ ಆ ಹೊತ್ತು. ಸಣ್ಣ ಮಕ್ಕಳನ್ನು ಕರೆದುಕೊಂಡು ಬರಬಹುದು, ನೋಡಿಕೊಳ್ಳಲಿಕ್ಕೆ ಒಬ್ಬ ಗಂಡಸನ್ನೇ ನೇಮಿಸುತ್ತೇವೆ (ನಗಬೇಡಿ, ಹೆಸರು ಕೊಟ್ಟಾಗಿದೆ). ಬಸ್ಸಿನ ದುಡ್ಡು ನಾವು ಕೊಡುತ್ತೇವೆ. ಹೇಳಿಕೊಡಲಿಕ್ಕೆ ಹೆಂಗಸರೇ ಬೇಕು: ಇಂಜಿನಿಯರೇ ಆಗಬೇಕಾಗಿಲ್ಲ, ನುಡಿಯಲ್ಲಿ ಹತ್ತು ವರ್ಷ ಕುಟ್ಟಿದವರಾದರೂ ಆಯಿತು. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಕೊಡಿ. 4 ಜಿಬಿ ರ್‍ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿ ನಡೆಸಬಹುದು, ವಿಂಡೋಸ್ ಕೈಬಿಟ್ಟ ಯಂತ್ರವಾದರೂ ಅಡ್ಡಿಯಿಲ್ಲ. ಚಾರ್ಜರ್ ಮರೆಯದೆ ಜತೆಗೆ ಕಳಿಸಿ.